ಹುಲಿಗೆವ್ವನ ಸೆರಗು

ಎಷ್ಟು ಹಿಂದಿನ ಮಾತೆಂದು ಕೇಳಬೇಡಿ, ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ. ನನ್ನ ತವರಿನ ಕಡೆ, ಬೋಳು ಗುಡ್ಡದ ಕೆಳಗೆ ಒಂದೂರು. ನೀವು ಕಡಲ ದಂಡೆಯ ಮಕ್ಕಳು, ಮಳೆ ಯಾವಾಗ ನಿಲ್ಲುತ್ತದೋ ಎಂದು ಗೊಣಗುವವರು. ಅಲ್ಲಿ ಮೋಡ ಕಂಡರೆ ಜನ ಆಡುವ ಮಾತು ನಿಲ್ಲಿಸಿ ತಲೆಯೆತ್ತುತ್ತಾರೆ. ಆ ಊರಲ್ಲಿ ಹುಲಿಗೆವ್ವ ಎಂಬವಳಿದ್ದಳಂತೆ. ಗುಡ್ಡದ ಬುಡದಲ್ಲಿ ಅವಳದೊಂದು ತುಂಡು ಹೊಲ, ಮಣ್ಣಿಗಿಂತ ಕಲ್ಲೇ ಹೆಚ್ಚು.

ಊರವರೆಲ್ಲ ನವಣೆ ಬೀಜವನ್ನು ಪಂಪನಗೌಡನ ಹೊಲದಿಂದ ತರುತ್ತಿದ್ದರಂತೆ. ಅದು ಕೆರೆಯ ಕೆಳಗಿನ ಹೊಲ, ತೆನೆ ಮೊಳದುದ್ದ. ಉದ್ದ ತೆನೆಯೇ ಒಳ್ಳೆಯ ಬೀಜ ಎಂದು ಎಲ್ಲರ ನಂಬಿಕೆ. ಆದರೆ ನೀರು ಕುಡಿದು ಬೆಳೆದ ಆ ಬೀಜ ಒಣ ಹೊಲಕ್ಕೆ ಬಂದರೆ, ಹದಿನೈದು ದಿನ ಮಳೆ ತಪ್ಪಿದರೂ ಮಲಗಿಬಿಡುತ್ತಿತ್ತು. ಜನ ಮಳೆಯನ್ನು ಬೈಯುತ್ತಿದ್ದರು. ಹುಲಿಗೆವ್ವ ಬೀಜವನ್ನು ಬೈದಳಂತೆ.

ಅವಳು ಉರಿಬಿಸಿಲಲ್ಲಿ ಹೊಲದ ನಡುವೆ ಕೂತು, ಯಾವ ಗಿಡ ಎಲೆ ಸುತ್ತಿಕೊಳ್ಳುತ್ತದೆ, ಯಾವುದು ತಡೆಯುತ್ತದೆ ಎಂದು ನೋಡುತ್ತಿದ್ದಳಂತೆ. ತಡೆದ ಗಿಡಕ್ಕೆ ತನ್ನ ಕೆಂಪು ಸೆರಗಿನಿಂದ ಒಂದು ಚಿಂದಿ ಹರಿದು ಕಟ್ಟುತ್ತಿದ್ದಳು. ಸುಗ್ಗಿಯಲ್ಲಿ ಚಿಂದಿ ಕಟ್ಟಿದ ತೆನೆಗಳನ್ನಷ್ಟೇ ಬೀಜಕ್ಕೆ ಎತ್ತಿಡುತ್ತಿದ್ದಳು. ಬೆರಳುದ್ದದ ತೆನೆಗಳು! ಮರುವರ್ಷ ಅದನ್ನೇ ಬಿತ್ತಿ ಮತ್ತೆ ಆರಿಸುತ್ತಿದ್ದಳು. ಏಳು ವರ್ಷ ಎನ್ನುತ್ತಾರೆ ಕೆಲವರು, ಹನ್ನೆರಡು ಎನ್ನುತ್ತಾರೆ ಕೆಲವರು. ಇದ್ದದ್ದು ಒಂದೇ ಸೀರೆ. ಕೊನೆಗೆ ತಲೆಗೆ ಹೊದೆಯಲು ಸೆರಗೇ ಉಳಿಯಲಿಲ್ಲವಂತೆ.

ಹಾಗೇ ಚಾವಡಿಯ ಮುಂದೆ ಹಾದುಹೋದಳು. ಗೌಡ ತಡೆದ.

"ಏನವ್ವಾ, ಹಿರೇರ ಮುಂದ ಬರಿತಲೀಲೆ ಹೊಂಟೀಯಲ್ಲ. ಸೆರಗೆಲ್ಲಿ?"

"ಹೊಲದಾಗೈತ್ರಿ ಗೌಡ್ರ. ಬಿತ್ತೀನಿ. ಬೆಳದ್ರ ನಿಮಗೂ ಒಂದ್ ಹಿಡಿ ಕೊಡ್ತೀನಿ."

ಚಾವಡಿಯವರು ನಕ್ಕರಂತೆ. ಗೌಡ ನಗಲಿಲ್ಲ.

ಆಮೇಲೆ ಎರಡು ವರ್ಷ ಮಳೆಯೇ ಇಲ್ಲ. ಕೆರೆ ಬಿರಿಯಿತು. ಮನೆಮನೆಯ ಕಾಳನ್ನೆಲ್ಲ ಒಟ್ಟು ಮಾಡಿ ಒಂದೇ ಹಂಡೆಯಲ್ಲಿ ಗಂಜಿ ಕಾಯಿಸಬೇಕೆಂದು ಪಂಚರು ಹೇಳಿದರು. ಹುಲಿಗೆವ್ವನ ಮನೆಯಲ್ಲಿದ್ದದ್ದು ಒಂದು ಗಡಿಗೆ ಬೀಜ. ಅದು ಹಂಡೆಗೆ ಬಿದ್ದರೆ ಅಷ್ಟು ವರ್ಷದ ಆಯ್ಕೆಯೆಲ್ಲ ಒಂದು ಹೊತ್ತಿನ ಗಂಜಿ. ಪಂಚರು ಬಾಗಿಲಿಗೇ ಬಂದರು. ಮಕ್ಕಳು ಹಸಿದಾವ, ನಿನ್ನ ಎದೆ ಕಲ್ಲೇನು ಎಂದು ಗೌಡ ಕೇಳಿದ. ಅವನ ಮಾತು ಸುಳ್ಳಲ್ಲ. ಅವಳ ಮಕ್ಕಳೂ ಹಸಿದಿದ್ದವು.

"ಇವತ್ತು ಉಂಡು ನಾಳೆ ಏನ್ ಬಿತ್ತೀರಿ? ನಿಮ್ಮ ರುಮಾಲಾ?" ಎಂದಳಂತೆ.

ಗಡಿಗೆ ತಲೆಯ ಮೇಲಿಟ್ಟುಕೊಂಡು ಪಂಚರ ನಡುವೆಯೇ ನಡೆದಳು. ಇರುವೆ ಮುಟ್ಟದಂತೆ ಬೀಜಕ್ಕೆ ಬೂದಿ ಕಲಸಿದಳು. ಊರೆಲ್ಲ ನೋಡುತ್ತಿದ್ದಂತೆ, ಮೋಡವಿಲ್ಲದ ಆಕಾಶದ ಕೆಳಗೆ, ಹೊಗೆಯಾಡುವ ಒಣ ಮಣ್ಣಿಗೆ ಒಂದು ಕಾಳೂ ಉಳಿಸದೆ ಬಿತ್ತಿಬಿಟ್ಟಳು. ಇನ್ನು ಬೇಯಿಸಿಕೊಳ್ಳಿ ಎಂದು ಬರಿಗಡಿಗೆ ಗೌಡನ ಕಾಲಬಳಿ ಇಟ್ಟಳಂತೆ. ಆ ದಿನ ಅವಳ ಮನೆಗೆ ಯಾರೂ ಗಂಜಿ ಕೊಡಲಿಲ್ಲ.

ಆ ವರ್ಷ ಬಂದದ್ದು ಎರಡೇ ಮಳೆ. ಗೌಡ ಬಚ್ಚಿಟ್ಟಿದ್ದ ಬೀಜ ಕೆರೆ ಕೆಳಗಿನ ಹೊಲದಲ್ಲಿ ಮೊಳಕಾಲೆತ್ತರ ಬೆಳೆದು ಸುಟ್ಟುಹೋಯಿತು. ಹೌದು, ಅವನೂ ಬಚ್ಚಿಟ್ಟಿದ್ದ! ಗುಡ್ಡದ ಬುಡದಲ್ಲಿ ಮಾತ್ರ ಬೆರಳುದ್ದದ ತೆನೆಗಳು ಹಣ್ಣಾಗಿ ಬಾಗಿದವು.

ಊರವರು ಬೀಜಕ್ಕೆ ಬಂದರು. ಅವಳು ಯಾರಿಗೂ ಇಲ್ಲ ಎನ್ನಲಿಲ್ಲ. ಗೌಡನೂ ಬಂದ, ಬುಟ್ಟಿ ಹಿಡಿದು. ಬುಟ್ಟಿಗೆ ಹಾಕಂಗಿಲ್ಲ ಎಂದಳು. ಅವನು ಬುಟ್ಟಿ ಕೆಳಗಿಟ್ಟು, ತಲೆಯ ರುಮಾಲು ಬಿಚ್ಚಿ ಒಡ್ಡಿದನಂತೆ. ಮಾತಿನಂತೆ ಒಂದು ಹಿಡಿ ಹಾಕಿದಳು. ಆಮೇಲೆ ಇನ್ನೂ ಎರಡು ಹಿಡಿ ಹಾಕಿದಳು.

ಆ ಕಡೆ ಇಂದಿಗೂ ಬೀಜದ ತೆನೆಯನ್ನು ಕಣದಲ್ಲಿ ಆಯ್ದುಕೊಳ್ಳುವುದಿಲ್ಲ. ಹೊಲ ಬಾಡಿದ ಮಧ್ಯಾಹ್ನ ಹೋಗಿ, ಬಾಡದೆ ನಿಂತ ಗಿಡಕ್ಕೆ ಕೆಂಪು ಚಿಂದಿ ಕಟ್ಟಿಬರುತ್ತಾರೆ. ಬೀಜ ಕೇಳಲು ಬಂದ ಗಂಡಸು ತಲೆಯ ಬಟ್ಟೆ ಬಿಚ್ಚಿಯೇ ಒಡ್ಡಬೇಕು. ಬೀಜ ಕೊಡುವ ಹೆಂಗಸು ತಲೆಯ ಮೇಲಿನ ಸೆರಗು ಜಾರಿಸಿ ನಿಲ್ಲುತ್ತಾಳೆ, ಮಾವನೇ ಎದುರಿಗಿದ್ದರೂ. ಹೊದ್ದುಕೋ ಎಂದು ಯಾರೂ ಹೇಳುವುದಿಲ್ಲ.