ಧರ್ಮದರ್ಶಿಗಳ ಫೋಟೊ

ದೇವಸ್ಥಾನದ ವೆಬ್‌ಸೈಟ್ ತೆರೆದರೆ ಸಾಕು, ‘ಈ ಪುಟ ಪೂರ್ತಿ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತಿತ್ತು. ಭಕ್ತರು ಹೆದರಿ, ಸೇವೆ ಬುಕ್ ಮಾಡುವುದು ಬಿಟ್ಟು ಫೋನ್ ಮಾಡುತ್ತಿದ್ದರು. ಕಂಪ್ಯೂಟರ್ ನೋಡಿಕೊಳ್ಳುವ ಸುಗಂಧಿಗೆ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಕಾರಣ ಅವಳಿಗೆ ಗೊತ್ತಿತ್ತು. ಪುಟವೆಲ್ಲ ಭದ್ರವಾದ ದಾರಿಯಲ್ಲೇ ಬರುತ್ತಿತ್ತು. ಧರ್ಮದರ್ಶಿ ಅನಂತಪದ್ಮನಾಭಯ್ಯನವರ ಫೋಟೊ ಮಾತ್ರ ಅವರ ಸ್ವಂತ ಹಳೇ ಸೈಟಿನಿಂದ, ಭದ್ರತೆಯಿಲ್ಲದ ದಾರಿಯಲ್ಲಿ ಬರುತ್ತಿತ್ತು.

“ಮಧ್ಯಾಹ್ನದ ಮಂಗಳಾರತಿಯೊಳಗೆ ಆ ಎಚ್ಚರಿಕೆ ಹೋಗಬೇಕು. ಇಲ್ಲದಿದ್ದರೆ ನಾಳೆಯಿಂದ ನೀನು ಬರಬೇಡ. ನನ್ನ ಫೋಟೊ ಮಾತ್ರ ಮುಟ್ಟಕೂಡದು,” ಎಂದರು ಅಯ್ಯನವರು.

ಸುಗಂಧಿ ಎದ್ದು ಕೈಮುಗಿದಳು. “ಒಂದು ಸಂದೇಹ, ಅಯ್ಯನವರೇ. ಅಡುಗೆಯವರೆಲ್ಲ ಮಡಿಯಲ್ಲಿದ್ದಾಗ ಒಬ್ಬರು ಸ್ನಾನ ಮಾಡದೆ ನೈವೇದ್ಯದ ಪಾತ್ರೆ ಮುಟ್ಟಿದರೆ?”

“ಇಡೀ ಅಡುಗೆ ಮೈಲಿಗೆ. ಇದನ್ನೂ ಕೇಳಬೇಕೇನೇ?” ಆ ದನಿಗೆ ಅಡುಗೆಯವರು ಬಾಗಿಲಿಗೇ ಬಂದು ನಿಂತರು.

“ಮುಟ್ಟಿದವರು ದೊಡ್ಡವರಾದರೆ?”

“ನಾನೇ ಆದರೂ ಅಷ್ಟೇ. ಸ್ನಾನ ಮಾಡಿಯೇ ಒಳಗೆ ಬರಬೇಕು.”

“ತಾವೇ, ಅಯ್ಯನವರೇ,” ಎಂದು ಸುಗಂಧಿ ಪರದೆಯ ಮೇಲಿನ ಫೋಟೊ ತೋರಿಸಿದಳು. “ಪುಟವೆಲ್ಲ ಮಡಿಯಲ್ಲಿದೆ. ತಾವೊಬ್ಬರು ಹೊರಗಿನಿಂದ ಹಾಗೇ ಬರುತ್ತಿದ್ದೀರಿ. ಅಪ್ಪಣೆಯಾದರೆ ನಮ್ಮ ಸೈಟಿನೊಳಗೇ ಕೂರಿಸುತ್ತೇನೆ. ಎರಡು ನಿಮಿಷದ ಕೆಲಸ.”

ಅಡುಗೆಯವರು ಪಂಚೆಯ ತುದಿ ಬಾಯಿಗೆ ಒತ್ತಿಕೊಂಡರು. ಅಯ್ಯನವರು ಅತ್ತ ನೋಡಿದರು, ಇತ್ತ ನೋಡಿದರು. ಎಲ್ಲರೆದುರು ಆಡಿದ ಮಾತು ನುಂಗುವಂತಿರಲಿಲ್ಲ.

“ಸರಿ, ಸ್ನಾನ ಮಾಡಿಸು. ನಾಳೆ ಹೊತ್ತಿಗೆ ಸರಿಯಾಗಿ ಬಾ,” ಎಂದರು. ಆಮೇಲೆ ಬಗ್ಗಿ, ಮೆಲ್ಲಗೆ, “ಕೂದಲಿಗೆ ಹಚ್ಚಿದ ಕಪ್ಪು ಹೋಗದ ಹಾಗೆ ನೋಡ್ಕೊಳ್ಳಮ್ಮ.”