ಕೊಕ್ಕರೆಗೆ ಬಿಟ್ಟ ಆಕಾಶ

ಚೀನಾದೇಶದ ಚಿತ್ರಕಾರನೊಬ್ಬ ಮಸಿಯಲ್ಲಿ ಒಂದು ಬೆಟ್ಟ, ಅದರ ಬುಡದಲ್ಲಿ ದರ್ಬಾರು ಬಿಟ್ಟುಬಂದವನೊಬ್ಬನ ತೋಟ, ತೋಟದಲ್ಲೊಂದು ಕೊಕ್ಕರೆ ಬರೆದು, ಮಿಕ್ಕ ಕಾಗದವನ್ನೆಲ್ಲ ಖಾಲಿ ಬಿಟ್ಟ. "ಆ ಖಾಲಿ ಜಾಗ ನಿನ್ನ ಆಕಾಶ. ರೆಕ್ಕೆ ಒಣಗಿದ ಮೇಲೆ ಹಾರಿಹೋಗು" ಎಂದು ಕೊಕ್ಕರೆಗೆ ಹೇಳಿ ತೀರಿಕೊಂಡ. ಮಸಿಯ ರೆಕ್ಕೆ ಒಣಗಲು ಸರಿಯಾಗಿ ನೂರು ವರ್ಷ ಬೇಕು. ಅನುಮಾನವಿದ್ದವರು ಕಾದು ನೋಡಬಹುದು.

ಅಷ್ಟರಲ್ಲಿ ಚಿತ್ರ ಕೈಯಿಂದ ಕೈಗೆ ಹೋಯಿತು. ಕೈಗೆ ಬಂದವರೆಲ್ಲ, ಆ ದೇಶದ ಪದ್ಧತಿಯಂತೆ, ಖಾಲಿ ಜಾಗದಲ್ಲಿ ತಮ್ಮ ಹೆಸರಿನ ಕೆಂಪು ಮುದ್ರೆ ಒತ್ತಿದರು. "ಮೂಲೆಯಲ್ಲಿ ಒಂದಿಷ್ಟು ಜಾಗ ಕೊಡಿ, ಕೊಕ್ಕರೆಯವರೇ" ಎಂದು ಪ್ರತಿ ಮುದ್ರೆಯೂ ಕೇಳಿತು. ಕೊಕ್ಕರೆ ಸಂಕೋಚದ ಪ್ರಾಣಿ, ಸುಮ್ಮನಿತ್ತು.

ನೂರನೆಯ ವರ್ಷ ರೆಕ್ಕೆ ಒಣಗಿತು. ಕತ್ತೆತ್ತಿ ನೋಡಿದರೆ ಬೆಟ್ಟದ ನೆತ್ತಿಯಲ್ಲಿ ಅಂಗೈಯಗಲ ಆಕಾಶ ಉಳಿದಿತ್ತು. ಅಷ್ಟೇ ಸಾಕೆಂದು ಕೊಕ್ಕರೆ ರೆಕ್ಕೆ ಬಿಚ್ಚುವುದಕ್ಕೂ, ಅಂಗೈಯಗಲದ ರಾಜಮುದ್ರೆ ಮೇಲಿಂದ ಇಳಿಯುವುದಕ್ಕೂ ಸರಿಹೋಯಿತು.

"ಸ್ವಾಮೀ, ನಿಲ್ಲಿ! ನನಗಿರುವುದು ಅದೊಂದೇ ದಾರಿ!"

"ನಿನಗೆ ನಮ್ಮ ದೊರೆ ಗೊತ್ತಿಲ್ಲ," ಎಂದಿತು ಮುದ್ರೆ. "ರಾಜ್ಯದ ಗದ್ದಲ ಸಾಕಾಗಿದೆ ಅವರಿಗೆ. ಇಂಥ ಖಾಲಿ ಜಾಗ ಕಂಡರೆ ಕಣ್ಣೀರೇ ಬರುತ್ತದೆ."

"ಹಾಗಾದರೆ ಖಾಲಿಯಾಗಿಯೇ ಇರಲಿ ಬಿಡಿ!"

"ಬಿಟ್ಟರೆ, ಅದು ಅವರದೆಂದು ನಾಲ್ಕು ಜನಕ್ಕೆ ಗೊತ್ತಾಗುವುದು ಹೇಗೆ?" ಎನ್ನುತ್ತ ಮುದ್ರೆ ಕೂತೇಬಿಟ್ಟಿತು.

ದೊರೆ ಚಿತ್ರವನ್ನು ಗೋಡೆಗೆ ತೂಗುಹಾಕಿಸಿ, ಬಿಚ್ಚಿದ ರೆಕ್ಕೆಯಲ್ಲೇ ನಿಂತ ಕೊಕ್ಕರೆಯನ್ನು ಬಹಳ ಹೊತ್ತು ನೋಡಿದ.

"ನೋಡಿದಿರಾ," ಎಂದ ಮಂತ್ರಿಗಳಿಗೆ, "ರೆಕ್ಕೆಯಿದ್ದರೂ ನನ್ನ ತೋಟ ಬಿಟ್ಟುಹೋಗಲು ಅದಕ್ಕೆ ಮನಸ್ಸಿಲ್ಲ."