ಖಾಲಿ ಚೌಕಟ್ಟಿಗೆ ಅಪ್ಪನ ಚಿತ್ರ

"ಮತ್ತ ಬಂದೇನೋ! ಒಂದು ದಿನಾರ ನಾಕು ರೊಟ್ಟಿ ನೆಟ್ಟಗ ಬಡಿಯಾಕ ಬಿಡ್ತೀಯೇನು ನನ್ನ? ನೋಡಲ್ಲೆ, ಹಂಚಿನ ಮ್ಯಾಲಿಂದು ಹೊತ್ತತು!"

ಹೀಗೆ ಬೈದವಳು ಕಾಶವ್ವ. ಬೈಸಿಕೊಂಡವನು ಅವಳ ಒಬ್ಬನೇ ಮಗ ಯಮನೂರ. ವಯಸ್ಸು ಇಪ್ಪತ್ತೆರಡು, ಎತ್ತರ ಬಾಗಿಲಿನಷ್ಟು, ಬುದ್ಧಿ ಮಾತ್ರ ಇನ್ನೂ ಹೊಸ್ತಿಲು ದಾಟಿಲ್ಲ. ಹಾಗಂತ ಮಾತು ಕೇಳದ ಮಗನಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ, ಅದೇ ಕಷ್ಟ. ಮಾತು ಕೇಳದ ಮಕ್ಕಳನ್ನು ಹೆತ್ತವರು ಪುಣ್ಯವಂತರು ಅಂತ ಕಾಶವ್ವ ದಿನಕ್ಕೊಮ್ಮೆ ನಿಟ್ಟುಸಿರು ಬಿಡುತ್ತಾಳೆ.

ಕಾಶವ್ವ ಊರಿನ ಖಾನಾವಳಿಗೆ ರೊಟ್ಟಿ ಬಡಿದು ಕೊಡುವವಳು. ಗಂಡ ತೀರಿಕೊಂಡು ಒಂಬತ್ತು ವರ್ಷ. ಅವನದೊಂದೂ ಫೋಟೋ ಇಲ್ಲ. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಕ್ಯಾಮೆರಾ ಕಂಡಲ್ಲಿ ಓಡುತ್ತಿದ್ದ ಪುಣ್ಯಾತ್ಮ, ಫೋಟೋ ತೆಗೆಸದೆಯೇ ನಲವತ್ತಕ್ಕೆ ಹೋದ. ವರ್ಷಾ ವರ್ಷ ಹಿರಿಯರ ಹಬ್ಬಕ್ಕೆ ಓಣಿಯವರೆಲ್ಲ ತೀರಿದವರ ಫೋಟೋ ಇಟ್ಟು ಎಡೆ ಹಿಡಿದರೆ, ಕಾಶವ್ವ ಮಣೆಯ ಮೇಲೆ ಗಂಡನ ಧೋತ್ರ, ಅಂಗಿ, ರುಮಾಲು ಜೋಡಿಸಿ ಅದಕ್ಕೇ ಹೋಳಿಗೆ ಇಟ್ಟು ಕೈಮುಗಿಯುತ್ತಿದ್ದಳು.

ಹೋದ ಹಬ್ಬಕ್ಕೆ ಪಕ್ಕದ ಮನೆಯ ರಾಚವ್ವ ಇಣುಕಿ ನೋಡಿ, "ಏನ ಕಾಶವ್ವಾ, ಇಸ್ತ್ರಿ ಅಂಗಡಿ ಇಟ್ಟೀಯೇನು?" ಅಂದಳು.

ಅಂದದ್ದು ನಾಟಿತು. ಮರುದಿನವೇ ಕಾಶವ್ವ ತೇಗದ ಚೌಕಟ್ಟೊಂದು ಮಾಡಿಸಿ, ಖಾಲಿಯದನ್ನೇ ಗೋಡೆಗೆ ಹಾಕಿದಳು. ಬರುವ ಹಬ್ಬದೊಳಗೆ ಇದರಲ್ಲಿ ನನ್ನ ಗಂಡ ಕೂತಿರಬೇಕು, ಆ ರಾಚವ್ವನ ಬಾಯಿ ಮುಚ್ಚಬೇಕು!

ಊರಲ್ಲಿ ಮೌನೇಶಪ್ಪ ಮಾಸ್ತರ ಎಂಬ ಚಿತ್ರಗಾರರಿದ್ದರು. ಎಣ್ಣೆ ಬಣ್ಣದಲ್ಲಿ ಮನುಷ್ಯರನ್ನು ಬರೆದರೆ, ಬಂದವರು ಆ ಚಿತ್ರಕ್ಕೇ 'ಆರಾಮೇನ್ರಿ' ಅನ್ನಬೇಕು. ಕಾಶವ್ವ ಹೋಗಿ ಕೇಳಿದಳು.

"ಕಾಣದ ಮನಶ್ಯಾನ್ನ ನಾ ಬರಿಯಂಗಿಲ್ಲವ್ವ," ಅಂದರು ಮಾಸ್ತರರು. "ನಿನ್ನ ಮಗ ಅಪ್ಪನ್ನ ನೋಡ್ಯಾನಲ್ಲ, ಅವನ್ನ ಕಳಸು. ಕಲಿಸ್ತೀನಿ, ಅವನೇ ಬರೀಲಿ. ಅಂದಂಗ, ನಿಮ್ಮ ಯಜಮಾನರ ಮೂಗು ಹೆಂಗಿತ್ತು?"

"ಮೂಗಿನಂಗ ಇತ್ರಿ! ಮತ್ತ ಕಿವಿಯಂಗ ಇರ್ತೈತೇನು? ಮಾರಿ ನನ್ನ ಕಣ್ಣ ಮುಂದ ಕಟ್ಟಿದಂಗೈತಿ, ನೀವೇನು ಕಾಳಜಿ ಮಾಡಬ್ಯಾಡ್ರಿ," ಎಂದು ಕಾಶವ್ವ ಎದ್ದು ಬಂದಳು.

ಯಮನೂರ ಕಲಿಯಲು ಹೋದ. ಮೊದಲ ದಿನವೇ ಓಡಿಬಂದ. ರೊಟ್ಟಿ ಹೊತ್ತಿದ್ದು ಆಗಲೇ.

ಆದದ್ದಿಷ್ಟು. ಮಾಸ್ತರರು ಗಡಿಗೆಯೊಂದನ್ನು ಇಟ್ಟು "ಬರಿ" ಅಂದರು. ಗಡಿಗೆಯ ಮೇಲೊಂದು ಇರುವೆ ಇತ್ತು. ಯಮನೂರ ಗಡಿಗೆಗೆ ಮೂಗು ಹಚ್ಚಿ ಕೂತು, ಸಂಜೆವರೆಗೆ ಇರುವೆಯ ಕಾಲು ಬರೆದ. ಮೂರೇ ಕಾಲು ಮುಗಿದಿದ್ದವು.

"ಗಡಿಗಿ ಎಲ್ಲೈತಲೇ?"

"ಇರಬಿ ಮುಗದ ಮ್ಯಾಲೆ ಬರತೈತ್ರಿ."

"ಮೊದಲ ಇಡೀದು ನೋಡೋ, ಆಮ್ಯಾಲೆ ಬಿಡೀದು! ಏನ ಇರಲಿ, ಹತ್ತು ಹೆಜ್ಜಿ ಹಿಂದಕ್ಕ ಸರಿ, ಪೂರ್ತಿ ನೋಡು, ಆಮ್ಯಾಲೆ ಕೈ ಹಚ್ಚು!"

ಕಾಶವ್ವ ಕೇಳಿ, "ಸರಿಯಾಗೇ ಹೇಳ್ಯಾರ. ಹತ್ತು ಹೆಜ್ಜಿ ಹಿಂದಕ್ಕ ಸರಿ, ಪೂರ್ತಿ ನೋಡು, ಆಮ್ಯಾಲೆ ಕೈ ಹಚ್ಚು. ನೆಪ್ಪಿಟ್ಟಕೋ!" ಅಂದಳು.

"ಆತು ಬೇ," ಅಂದ ಯಮನೂರ.

ಮರುದಿನ ಊರಗೌಡರ ಮನೆಯ ಮುದುಕಿ ಗೌಡಶಾನಿ ತನ್ನ ಚಿತ್ರ ಬರೆಸಲು ಮಾಸ್ತರರ ಮನೆಗೆ ಬಂದಳು. ಎತ್ತರದ ಕುರ್ಚಿ ಹತ್ತಿ ಕೂತಳು. ಎರಡು ಕಿಟಕಿಯ ಬೆಳಕು ಎರಡು ಕಣ್ಣಿಗೂ ಹೊಡೆದು, ಮುದುಕಿ ಕೈ ಅಡ್ಡ ಹಿಡಿಯಲು ಹೋಗಿ ವಾಲಿದಳು. ಕುರ್ಚಿಯೂ ವಾಲಿತು.

"ಹಿಡಿಯೋ ತಮ್ಮಾ! ಹಿಡಿಯೋ!"

ಯಮನೂರ ಓಡಿ ಬಂದ. ಅಷ್ಟರಲ್ಲಿ ನೆನಪಾಯಿತು. ಗಕ್ಕನೆ ನಿಂತ. ಒಂದು ಹೆಜ್ಜೆ ಹಿಂದಕ್ಕೆ, ಎರಡು ಹೆಜ್ಜೆ ಹಿಂದಕ್ಕೆ, ಮೂರು, ನಾಲ್ಕು... ಹತ್ತನೆಯದಕ್ಕೆ ಅಂಗಳ ಬಂತು. ಅಲ್ಲಿಂದ ಮುದುಕಿ ಬೀಳುವುದನ್ನು ಪೂರ್ತಿ ನೋಡಿದ. ಆಮೇಲೆ ಬಂದು ಕೈ ಹಚ್ಚಿದ.

ಮೂಳೆ ಮುರಿಯಲಿಲ್ಲ, ಅದು ಮುದುಕಿಯ ಪುಣ್ಯ. ಮಾಸ್ತರರು ಮಾತ್ರ ಹಾರಾಡಿದರು: "ಲೇ, ಎರಡೂ ಕಿಡಿಕಿ ಯಾಕ ತಗದೀ? ಬೆಳಕು ಒಂದ ಕಡೆಯಿಂದ ಬರಬೇಕು! ಅಂದ್ರ ಮೂಗಿಗೆ ನೆರಳು ಬೀಳತೈತಿ, ಮಾರಿ ಉಬ್ಬಿ ಕಾಣತೈತಿ. ಒಂದು ಬಿಟ್ಟು ಉಳದದ್ದೆಲ್ಲಾ ಮುಚ್ಚು!"

"ಆತ್ರಿ."

ಮನೆಗೆ ಬಂದ. ಕಾಶವ್ವ ಒಲೆಯ ಮುಂದೆ. ಮಗ ಹಿತ್ತಲ ಬಾಗಿಲು ಮುಚ್ಚಿದ. ಮುಂದಿನ ಬಾಗಿಲು ಹೊರಗಿನಿಂದ ಮುಚ್ಚಿದ. ಮಾಳಿಗೆ ಹತ್ತಿ, ಒಲೆಯ ಮೇಲಿನ ಬೆಳಕಿಂಡಿಗೆ ಗೋಣಿಚೀಲ ತುರುಕಿದ. ಬೀದಿ ಕಡೆಯ ಕಿರುಕಿಟಕಿ ಒಂದನ್ನು ಬಿಟ್ಟ. ಹೊಗೆ ತುಂಬಿ ಕಾಶವ್ವ ಕೆಮ್ಮಿದಳು, ಸೀನಿದಳು, ಕಣ್ಣು ಕೆಂಡವಾದವು.

ಕಿಟಕಿಯಿಂದ ಮಗನ ಮಾತು ಕೇಳಿತು: "ಯವ್ವಾ, ಭಾಳ ಚಂದ ಕಾಣಾಕತ್ತಿ! ಮಾರಿ ಉಬ್ಬೈತಿ!"

"ಹೊಗಿ ಕುಡದು ಉಬ್ಬೈತೋ ನನ್ನ ಸವತಿಯ ಮಗನ! ಬಾಗಲಾ ತಗಿ!"

ಓಣಿಯವರು ಮನೆಗೆ ಬೆಂಕಿ ಬಿತ್ತೆಂದು ಕೊಡ ಹಿಡಿದು ಬಂದರು. ಒಲೆ ಆರಿತು, ಹಿಟ್ಟು ನೆನೆಯಿತು, ಖಾನಾವಳಿಯವರು ಅವತ್ತು ಅನ್ನ ಉಂಡರು. ರಾಚವ್ವ ಎಲ್ಲರಿಗಿಂತ ಕೊನೆಗೆ ಬಂದು, ಗೋಡೆಯ ಖಾಲಿ ಚೌಕಟ್ಟು ನೋಡಿ, "ಹಬ್ಬ ಹತ್ತರ ಬಂತು, ಯಜಮಾನ್ರು ಇನ್ನೂ ಬಂದಿಲ್ಲೇನು?" ಎಂದು ಕೇಳಿ ಹೋದಳು.

ಕಾಶವ್ವ ಮಗನ ಕಿವಿ ಹಿಡಿದು ಮತ್ತೆ ಮಾಸ್ತರರ ಬಾಗಿಲಿಗೆ ಎಳೆದೊಯ್ದಳು. "ಇದೊಂದು ಸಲ ರೀ!" ಮಾಸ್ತರರು ಒಳ್ಳೆಯವರು, ಬಣ್ಣ ಕೊಟ್ಟರು. ಯಮನೂರ ಹಸಿ ಬಣ್ಣದ ಮೇಲೆ ಹಸಿ ಬಣ್ಣ, ಅದರ ಮೇಲೆ ಒಂದು ಬಟ್ಟಲು ಎಣ್ಣೆ ಸುರಿದ. ಬರೆದ ಬದನೆಕಾಯಿ ಜಾರಿ ಹಲಗೆಯ ಕೆಳಗೆ ಬಂದು ಕೆಸರಾಯಿತು.

"ಮೊದಲ ತೆಳ್ಳಂದು ಹಚ್ಚಬೇಕಲೇ! ಅದು ಒಣಗಬೇಕು. ಒಣಗಿದ ಮ್ಯಾಲೆ ಎಣ್ಣಿ ಇದ್ದದ್ದು. ಅವಸರ ಮಾಡಿದ್ರ ಎಲ್ಲಾ ಬಿರಕ ಬಿಡತೈತಿ!"

"ಆತ್ರಿ. ತೆಳ್ಳಂದು ಮೊದಲ, ಒಣಗಬೇಕು, ಆಮ್ಯಾಲೆ ಎಣ್ಣಿ ಇದ್ದದ್ದು."

ಅದೇ ವಾರ ಮಾಸ್ತರರ ಮನೆಗೆ ಬೀಗರು ಬಂದರು. ಮಗಳನ್ನು ನೋಡಿ ಒಪ್ಪಿ, ಊಟಕ್ಕೆ ಕೂತರು. ಬಡಿಸಲು ಕೈ ಸಾಲದೆ, "ಯಮನೂರಾ, ಜರಾ ಬಡಸಪ್ಪ," ಅಂದರು ಮಾಸ್ತರರು. ಯಮನೂರ ಬಂದ. ಎಲ್ಲರ ತಾಟಿಗೂ ತಿಳಿಸಾರು ಬಿಟ್ಟ. ಬಿಟ್ಟು, ಕೈಕಟ್ಟಿ ನಿಂತ.

ಬೀಗರು ಕಾದರು. ಒಳಗಿನಿಂದ ಎಣ್ಣೆ ತೇಲುವ ಎಣಗಾಯಿಯ ವಾಸನೆ ಬರುತ್ತಿತ್ತು.

"ತಮ್ಮಾ, ಎಣಗಾಯಿ ತರ್ತೀಯೇನು?"

"ಸಾರು ಇನ್ನೂ ಹಸೀ ಐತ್ರಿ." ಬಗ್ಗಿ ಒಬ್ಬೊಬ್ಬರ ತಾಟಿಗೂ ಬೆರಳು ಹಚ್ಚಿ ನೋಡಿದ. "ಒಣಗಲಿ. ಅವಸರ ಮಾಡಿದ್ರ ಬಿರಕ ಬಿಡತೈತ್ರಿ."

ಬಿರುಕು ಬಿಟ್ಟದ್ದು ಸಂಬಂಧ. ಬೀಗರು ಎದ್ದು ಕೈ ತೊಳೆದು ಹೋದರು.

"ಮತ್ತ ಬಂದೇನೋ!" ಅಂದಳು ಕಾಶವ್ವ. ಈ ಸಲ ಹಿಂದೆ ಮಾಸ್ತರರೂ ಬಂದಿದ್ದರು. ರೊಟ್ಟಿ ಹೊತ್ತಿತು.

"ಕಾಶವ್ವಾ, ಇದ ಕಡೀದು. ಹಬ್ಬಕ್ಕ ಎಂಟು ದಿನ ಐತಿ. ಅಪ್ಪನ ಚಿತ್ರ ಬರದ್ರ ನನ್ನ ಹತ್ತರ ಉಳೀಲಿ. ಇಲ್ಲಾಂದ್ರ ನಿನ್ನ ಮಗಾ ನಿನಗ, ನನ್ನ ಬ್ರಷ್ಷು ನನಗ!"

"ಹೆಂಗ ಬರೀಲ್ರಿ?" ಅಂದ ಯಮನೂರ.

"ಇನ್ನ ಹೇಳೂದು ಒಂದ. ತಲಿಯೊಳಗ ಇದ್ದದ್ದು ಬರೀಬ್ಯಾಡ. ಮುಂದ ಇಟ್ಟಗೊಂಡು ಕುಂದ್ರು. ಕಣ್ಣಿಗೆ ಎಷ್ಟು ಕಾಣತೈತೋ ಅಷ್ಟ ಬರಿ. ಹೆಚ್ಚಿಲ್ಲ, ಕಡಿಮಿಲ್ಲ!"

ಕಾಶವ್ವ ಮಣೆ ಹಾಕಿ ಧೋತ್ರ, ಅದರ ಮೇಲೆ ಗೋಡೆಗೊರಗಿಸಿ ಅಂಗಿ, ತಲೆಯೆತ್ತರದ ಗೂಟಕ್ಕೆ ರುಮಾಲು, ಕೂತ ಮನುಷ್ಯನ ಹಾಗೆ ಜೋಡಿಸಿದಳು. ಮುಂದೆ ಒಂದು ತಂಬಿಗೆ ನೀರು, ಎರಡು ಹೋಳಿಗೆ. "ನೋಡಕೋಂತ ಕುಂದ್ರು, ಮಾರಿ ನೆಪ್ಪ ಆಗತೈತಿ," ಎಂದು ಬಾಗಿಲು ಎಳೆದುಕೊಂಡಳು.

ಎಂಟು ದಿನ ಯಮನೂರ ಹೊರಗೆ ಬರಲಿಲ್ಲ. ಒಂದೇ ಕಿಟಕಿ ತೆಗೆದ. ಹತ್ತು ಹೆಜ್ಜೆ ಹಿಂದೆ ಸರಿದ, ಮುಂದೆ ಬಂದ. ತೆಳ್ಳಗೆ ಹಚ್ಚಿದ, ಒಣಗಲು ಬಿಟ್ಟ, ಮತ್ತೆ ಹಚ್ಚಿದ. ಕಾಶವ್ವ ಬಾಗಿಲ ಸಂದಿಗೆ ಕಿವಿಯಿಟ್ಟು, ರೊಟ್ಟಿ ಒಂದೂ ಹೊತ್ತಿಸದೆ, ಎಂಟು ದಿನ ಬಡಿದಳು. ಮಗನಿಗೆ ಬುದ್ಧಿ ಬಂತು ಅಂದುಕೊಂಡಳು.

ಹಬ್ಬದ ದಿನ ಚಿತ್ರ ಚೌಕಟ್ಟಿಗೆ ಕೂತಿತು, ಮೇಲೊಂದು ಸೀರೆ ಮುಚ್ಚಿತು. ಮಾಸ್ತರರು ಬಂದರು. ರಾಚವ್ವ ಕರೆಯದೆಯೇ ಬಂದಳು. ಕಾಶವ್ವ ಒಲೆಯ ಮೇಲೆ ರೊಟ್ಟಿ ಬಿಟ್ಟು ಬಂದು ಸೀರೆ ಎಳೆದಳು.

ಧೋತ್ರದ ಒಂದೊಂದು ಮಡಿಕೆ ಕೈಯಲ್ಲಿ ಹಿಡಿಯುವ ಹಾಗೆ. ರುಮಾಲಿನ ಅಂಚಿಗೆ ಹಳೆಯ ಬೆವರಿನ ಕಲೆ. ಹಿತ್ತಾಳೆ ತಂಬಿಗೆಯಲ್ಲಿ ಕಿಟಕಿಯೇ ಹೊಳೆಯುತ್ತಿತ್ತು. ಹೋಳಿಗೆಗೆ ಬಾಯಿ ಹಾಕಿದ ಬೆಕ್ಕೊಂದು. "ಹುಶ್!" ಎಂದು ರಾಚವ್ವ ಸೆರಗು ಬೀಸಿಬಿಟ್ಟಳು, ಆಮೇಲೆ ನಾಚಿ ಕೈ ಇಳಿಸಿದಳು. ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಇಂಥಾ ಧೋತ್ರ ನನಗೂ ಬರಿಯಾಕ ಆಗಿಲ್ಲ," ಅಂದರು.

ಧೋತ್ರವಿತ್ತು. ಅಂಗಿಯಿತ್ತು. ರುಮಾಲಿತ್ತು. ಅಂಗಿಗೂ ರುಮಾಲಿಗೂ ನಡುವೆ ಬರೀ ಗೋಡೆಯಿತ್ತು.

"ನಿಮ್ಮಪ್ಪ ಎಲ್ಲೋ?" ಅಂದಳು ಕಾಶವ್ವ.

"ಕಾಣಲಿಲ್ಲ ಬೇ."

"ಬೆಕ್ಕು ಕಂಡಿತು, ಅಪ್ಪ ಕಾಣಲಿಲ್ಲೇನು?"

"ಬೆಕ್ಕು ಬಂದಿತ್ತು. ಅಪ್ಪ ಬರಲಿಲ್ಲ."

"ಎಡವಟ್ಟಾ! ಎಲ್ಲಾರ ಮುಂದ ಈಗ ಬರಿ! ರುಮಾಲಿನ ಕೆಳಗ ಅಷ್ಟು ಜಾಗಾ ಐತಲ್ಲ, ಮಾರಿ ಬರಿ!"

ಯಮನೂರ ಬ್ರಷ್ಷಿಗೆ ಬಣ್ಣ ಹಚ್ಚಿಕೊಂಡ. ಹತ್ತು ಹೆಜ್ಜೆ ಹಿಂದೆ ಸರಿದ. ಪೂರ್ತಿ ನೋಡಿದ. ಮುಂದೆ ಬಂದ. ಮತ್ತೆ ನಿಂತ.

"ನನಗ ಕಾಣವಲ್ದು ಬೇ. ನಿನಗ ಕಣ್ಣ ಮುಂದ ಕಟ್ಟಿದಂಗೈತಲ್ಲ, ನೋಡಿ ಹೇಳು. ನೀ ಹೇಳಿದಂಗ ಬರೀತೀನಿ. ಅಪ್ಪನ ಮೂಗು ಹೆಂಗಿತ್ತು?"

ಕಾಶವ್ವ ಬಾಯಿ ತೆರೆದಳು. ಊರಿಗೆಲ್ಲ ಉತ್ತರ ಕೊಟ್ಟ ಬಾಯಿ. ಕಣ್ಣು ಮುಚ್ಚಿದಳು, ತೆರೆದಳು, ರುಮಾಲಿನ ಕೆಳಗಿನ ಗೋಡೆ ನೋಡಿದಳು. ಒಳಗೆ ರೊಟ್ಟಿ ಹೊತ್ತಿ ವಾಸನೆ ಬಂತು. ಅವಳು ಯಾರನ್ನೂ ಬೈಯಲಿಲ್ಲ.

ಯಮನೂರ ಬ್ರಷ್ಷು ಎತ್ತಿ ಹಿಡಿದೇ ಇದ್ದ.

"ಉದ್ದ ಇತ್ತೋ, ಮೊಂಡ ಇತ್ತೋ? ಹೇಳ ಬೇ!"